ಕೆಂಪು ಬೂಟು ಇರುವ ಕೋಣೆ

ಪ್ಯೋ ಮಾನ್ಸೊಪ್ ಬೂಟಿನ ಲೇಸಿಗೆ ಎರಡು ಗಂಟು ಹಾಕುತ್ತಿದ್ದ. ಒಂದು ಬಿಚ್ಚಿದರೂ ಇನ್ನೊಂದು ಕಾಪಾಡುತ್ತದೆ ಎನ್ನುವುದು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನ ಎಚ್ಚರ. ಬೆಟ್ಟ ಹತ್ತುವಾಗ ಈ ಎಚ್ಚರವನ್ನು ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆಡಿಕೊಳ್ಳುತ್ತಿದ್ದದ್ದು ಬೆಟ್ಟ ಇಳಿದು ಉಂಡಾದ ಮೇಲೆ, ಹೋಟೆಲಿನ ಹೊಸ್ತಿಲಲ್ಲಿ. ನೆಲದ ಮೇಲೆ ಕೂತು ಉಣ್ಣುವ ಹೋಟೆಲುಗಳಲ್ಲಿ ಬೂಟನ್ನು ಕೋಣೆಯ ಹೊರಗೆ ಬಿಡಬೇಕು. ಊಟ ಮುಗಿಸಿ ಎದ್ದಾಗ ಯಾರ ಕಾಲು ಮೊದಲು ಬೂಟಿಗೆ ಇಳಿಯುತ್ತದೋ ಅವರು ಗಲ್ಲಾದ ಕಡೆ ಓಡುತ್ತಾರೆ, ಬಿಲ್ಲು ಅವರದು. ಯಾರು ಬಗ್ಗಿ ಲೇಸಿನ ಜೊತೆ ಹೆಣಗುತ್ತಾ ಕೂರುತ್ತಾರೋ ಅವರ ಬಗ್ಗೆ ಕೊರಿಯಾದ ದೇಗು ಊರಿನ ಚಿಕ್ಕ ಮಕ್ಕಳಿಗೂ ಒಂದು ಅಭಿಪ್ರಾಯವಿರುತ್ತದೆ.

ಆ ವಸಂತದಲ್ಲಿ ಪಲ್ಗೊಂಗ್ ಬೆಟ್ಟದ ಬುಡದ ಹೋಟೆಲಿನಲ್ಲಿ ಇಕ್ಸು ಆ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳಿದ. ಇಕ್ಸು ಹಳೆಯ ಸಹಪಾಠಿ, ನಾಲಿಗೆಗೆ ಬೀಗವಿಲ್ಲದವನು.

"ಲೇ ಮೇಷ್ಟ್ರೇ, ಅವಸರ ಮಾಡ್ಬೇಡ ಕಣೋ! ದಲ್ಹೊ ಇನ್ನೂ ಕಾರ್ಡ್ ತೆಗೀತಿದಾನೆ. ಅವನು ಅದನ್ನ ವಾಪಸ್ ಜೇಬಿಗೆ ಇಟ್ಕೊಂಡ್ಮೇಲೆ ನಿನ್ನ ಗಂಟು ಮುಗಿದ್ರೆ ಸಾಕು!"

ಎಲ್ಲರೂ ನಕ್ಕರು. ಗಲ್ಲಾದ ಹತ್ತಿರ ನಿಂತಿದ್ದ ದಲ್ಹೊ ಕೂಡ ನಕ್ಕ. ನಗದೆ ಉಳಿದವಳು ಮಾನ್ಸೊಪ್‌ನ ಹೆಂಡತಿ ಜೊಂಗ್ನಿಮ್ ಒಬ್ಬಳೇ. ಅವಳ ಕಿವಿಯ ತುದಿ ಕೆಂಪಾಗಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: "ಶರತ್ಕಾಲದಲ್ಲಿ ಮತ್ತೆ ಎಲ್ಲ ಸೇರ್ತೀವಲ್ಲ, ಆ ಊಟ ನಮ್ಮದು. ನೀವು ಹೇಗೆ ಕೊಡ್ತೀರೋ ನನಗೆ ಗೊತ್ತಿಲ್ಲ. ಕೊಡದೇ ಇದ್ರೆ ಆಮೇಲೆ ಈ ಗುಂಪಿಗೆ ನೀವೊಬ್ರೇ ಹೋಗಿ. ಇನ್ನೊಬ್ರ ಅನ್ನ ತಿಂದು ಬಾಯಿ ಒರೆಸ್ಕೊಂಡು ಬರೋಕೆ ನನಗೆ ಆಗಲ್ಲ."

"ನಾನು ಕೊಡಲ್ಲ ಅಂದಿದೀನಾ? ಅವನು ಬಿಡಬೇಕಲ್ಲ!"

"ದಲ್ಹೊ ಅವ್ರ ಕೈ ಧಾರಾಳ, ಅದಕ್ಕೆ ಅವ್ರು ಏನ್ಮಾಡ್ತಾರೆ?"

ಈ ಮಾತು ಮಾನ್ಸೊಪ್‌ನ ಎದೆಗೆ ನಾಟಿತು. ಇಕ್ಸುವಿನ ಲೇವಡಿಯನ್ನು ಅವನು ಬಸ್ಸು ಇಳಿಯುವಷ್ಟರಲ್ಲಿ ಮರೆತ. 'ಕೈ ಧಾರಾಳ' ಎಂದಾಗ ಅವಳ ದನಿಯಲ್ಲಿ ಇದ್ದ ಮೆದುತನವನ್ನು ಮಾತ್ರ ಬೇಸಿಗೆಯುದ್ದಕ್ಕೂ ಮರೆಯಲಿಲ್ಲ.

ಹಾಗೆ ನೋಡಿದರೆ ಮನೆಯಲ್ಲಿ ಇಬ್ಬರೂ ಒಂದೇ ಗುಣದವರು. ಕಾಗದದ ಕರವಸ್ತ್ರವನ್ನು ಅರ್ಧ ಹರಿದು ಬಳಸುತ್ತಿದ್ದರು. ಅಕ್ಕಿ ತೊಳೆದ ನೀರು ಸಾರಿಗೆ, ತರಕಾರಿ ತೊಳೆದ ನೀರು ಕುಂಡಕ್ಕೆ. ಪ್ಲಾಸ್ಟಿಕ್ ಕವರನ್ನು ತೊಳೆದು, ಒಣಗಿಸಿ, ತ್ರಿಕೋನವಾಗಿ ಮಡಿಸಿ ಡಬ್ಬದಲ್ಲಿ ಜೋಡಿಸಿಡುತ್ತಿದ್ದರು. ಅಪಾರ್ಟ್‌ಮೆಂಟಿನ ತಿಂಗಳ ಬಿಲ್ಲಿನಲ್ಲಿ ಅಷ್ಟೇ ಅಳತೆಯ ಮನೆಗಳು ಸರಾಸರಿ ಎಷ್ಟು ವಿದ್ಯುತ್ ಬಳಸಿವೆ ಎಂದು ತೋರಿಸುವ ಒಂದು ಉದ್ದ ಕಂಬ ಇರುತ್ತಿತ್ತು. ಪಕ್ಕದಲ್ಲಿ ಇವರ ಮನೆಯ ಕುಳ್ಳ ಕಂಬ. ಮಾನ್ಸೊಪ್ ಆ ಕುಳ್ಳ ಕಂಬವನ್ನು ಬೇರೆಯವರು ಮೊಮ್ಮಗುವಿನ ಫೋಟೋ ನೋಡುವ ಹಾಗೆ ನೋಡುತ್ತಿದ್ದ. ಜೊಂಗ್ನಿಮ್ ಕೂಡ ಬಗ್ಗಿ ನೋಡಿ, "ಈ ತಿಂಗಳು ಇನ್ನೂ ಗಿಡ್ಡ ಆಗಿದೆ ಅಲ್ವಾ?" ಎನ್ನುತ್ತಿದ್ದಳು. ಅಂಥ ಹೆಂಡತಿ ಒಬ್ಬ ದುಂದುಗಾರನ ಕೈಯನ್ನು ಹೊಗಳಿದ್ದಳು. ಅವನಿಗೆ ತಡೆಯಲಾಗದೆ ಹೋದದ್ದು ಅದು.

ಯೊಮ್ ದಲ್ಹೊ ದುಂದುಗಾರನೇ. ಏಳು ಜನ ಕೂತರೆ ಹತ್ತು ಜನಕ್ಕೆ ಹೇಳುತ್ತಿದ್ದ. ತಟ್ಟೆಗಳು ಒಂದರ ಮೇಲೊಂದು ಬಂದು ಮೇಜಿನಲ್ಲಿ ಜಾಗ ಸಾಲದೆ ನೆಲಕ್ಕೆ ಇಳಿಯಬೇಕು, ಎದ್ದಾಗ ಇನ್ನೂ ಮೂರು ಜನ ತಿನ್ನುವಷ್ಟು ಉಳಿದಿರಬೇಕು, ಆಗಲೇ ಅವನಿಗೆ ಊಟ ಹಾಕಿಸಿದ ಸಮಾಧಾನ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ನಡೆಸಿ, ಒಳ್ಳೆಯ ಬೆಲೆಗೆ ಮಾರಿ ಕೈತೊಳೆದುಕೊಂಡಿದ್ದ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬನೇ ಉಣ್ಣುತ್ತಾನೆಂದು ಜೊಂಗ್ನಿಮ್ ಪ್ರತಿ ಸಲವೂ ಒಳ್ಳೆಯ ತುಂಡು ಆರಿಸಿ ಅವನ ತಟ್ಟೆಗೆ ಇಡುತ್ತಿದ್ದಳು. ಆ ಚಾಪ್‌ಸ್ಟಿಕ್ ತುದಿಯ ಪ್ರಯಾಣವನ್ನು ಮಾನ್ಸೊಪ್ ಹೊರಟಲ್ಲಿಂದ ತಲುಪುವವರೆಗೆ ಗಮನಿಸುತ್ತಿದ್ದ.

ಜೊತೆಗೆ ಆ ಬೂಟು. ಲೇಸೇ ಇಲ್ಲದ, ಪಕ್ಕದಲ್ಲಿರುವ ಗುಂಡಿಯನ್ನು ತಿರುವಿದರೆ ಕಾಲಿಗೆ ಬಿಗಿಯಾಗಿ ಕೂರುವ, ಮೆಣಸಿನಕಾಯಿಯಂತೆ ಕೆಂಪಗಿರುವ ಬೂಟು. ಕಾಲು ತೂರಿಸು, ಕಿರ್ರೆಂದು ತಿರುವು, ಓಡು. ಅದು ಬಂದ ಮೇಲೆ ದಲ್ಹೊವನ್ನು ಗಲ್ಲಾದ ಹತ್ತಿರ ಸೋಲಿಸಿದವರಿಲ್ಲ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ಅಕ್ಕಿ ಉಳಿಸಿ, ಜವೆಗೋಧಿ ಬೆರೆಸಿ ಉಣ್ಣಿ ಎಂದು ಸರ್ಕಾರ ಕಟ್ಟಪ್ಪಣೆ ಮಾಡಿದ್ದ ವರ್ಷಗಳಲ್ಲಿ ಇಬ್ಬರೂ ಒಂದೇ ಬೆಂಚಿನ ಹುಡುಗರು. ಮಧ್ಯಾಹ್ನ ಗಂಟೆ ಹೊಡೆದಾಗ ಎಲ್ಲರೂ ಡಬ್ಬಿಯ ಮುಚ್ಚಳ ತೆಗೆದು ಕೂರಬೇಕು. ಮೇಷ್ಟ್ರು ಬೆತ್ತ ಹಿಡಿದು ಸಾಲಿನ ನಡುವೆ ನಡೆಯುತ್ತಾ ಒಂದೊಂದೇ ಡಬ್ಬಿ ಇಣುಕಿ ನೋಡುತ್ತಾರೆ. ಬರೀ ಬಿಳಿ ಅನ್ನ ಕಂಡರೆ ಅಂಗೈಗೆ ಪೆಟ್ಟು. ಮಾನ್ಸೊಪ್‌ನ ತಂದೆ ಸರ್ಕಾರಿ ನೌಕರ. ಮಗನ ಡಬ್ಬಿಗೆ ಜವೆ ಬೆರೆಸುವುದು ತಾಯಿಗೆ ಅವಮಾನ. ದಲ್ಹೊವಿನ ಡಬ್ಬಿಯಲ್ಲಿ ಜವೆ ಬಿಟ್ಟರೆ ಬೇರೆ ಇರುತ್ತಿರಲಿಲ್ಲ. ಗಂಟೆಗೆ ಮುಂಚೆ ಮಾನ್ಸೊಪ್ ಅವನಿಂದ ಎರಡು ಚಮಚ ಜವೆ ತೆಗೆದು ತನ್ನ ಅನ್ನದ ಮೇಲೆ ಹರಡಿಕೊಳ್ಳುತ್ತಿದ್ದ; ಬದಲಿಗೆ ಬಿಳಿ ಅನ್ನವನ್ನು ಅವನ ಡಬ್ಬಿಯ ತಳಕ್ಕೆ ತುರುಕುತ್ತಿದ್ದ. ಆ ದಿನಗಳನ್ನು ನೆನೆದಾಗಲೆಲ್ಲ ಮಾನ್ಸೊಪ್‌ಗೆ ಒಂದೇ ಚಿತ್ರ ಕಾಣುತ್ತಿತ್ತು: ಕೊಡುವ ಕೈ ತನ್ನದು, ತೆಗೆದುಕೊಳ್ಳುವ ಡಬ್ಬಿ ಅವನದು. ಕೈ ಯಾವಾಗ ಅದಲು ಬದಲಾಯಿತು ಎನ್ನುವುದೇ ತಿಳಿಯುತ್ತಿರಲಿಲ್ಲ.

ಶರತ್ಕಾಲದ ಊಟಕ್ಕೆ ಅವನು ಪ್ರಯೋಗಶಾಲೆಯ ಕ್ರಮದಲ್ಲಿ ತಯಾರಾದ. ಬೂಟಿನ ಓಟದಲ್ಲಿ ಗೆಲುವಿಲ್ಲ, ಆದ್ದರಿಂದ ಊಟದ ನಡುವೆಯೇ ಏಳಬೇಕು. ಏಳಲು ನೆಪ ಬೇಕು, ಶೌಚಕ್ಕಿಂತ ಒಳ್ಳೆಯ ನೆಪವಿಲ್ಲ. ಶೌಚಕ್ಕೆ ಹೋಗುವವರಿಗೆಂದು ಹೋಟೆಲಿನವರು ಹಿಂಬಾಗಿಲಲ್ಲಿ ರಬ್ಬರ್ ಚಪ್ಪಲಿ ಇಟ್ಟಿರುತ್ತಾರೆ, ಲೇಸಿನ ಗೊಡವೆಯೇ ಇಲ್ಲ. ಹಿಂದಿನಿಂದ ಇಳಿದು, ಅಂಗಳ ಸುತ್ತಿ, ಮುಂದಿನ ಗಲ್ಲಾಕ್ಕೆ ಬರಬೇಕು. ದೊಡ್ಡ ಬಾಂಡ್ಲೆಯಲ್ಲಿ ಬಾತುಕೋಳಿ ಬೆಂದು, ಕೊನೆಯದಾಗಿ ಅದರ ಎಣ್ಣೆಯಲ್ಲಿ ಅನ್ನ ಹುರಿಯಲು ಹೇಳುವ ಹೊತ್ತಿಗೆ ಕೆಲಸ ಮುಗಿದಿರಬೇಕು.

ಇದನ್ನು ಕೇಳಿ ಜೊಂಗ್ನಿಮ್, "ಬ್ಯಾಂಕಿಗೆ ಕನ್ನ ಹಾಕೋರೂ ಇಷ್ಟು ಯೋಚನೆ ಮಾಡಲ್ಲ," ಎಂದಳು. ಆದರೆ ಬೆಳಗ್ಗೆ ಹೊರಡುವಾಗ ಅವನ ಜಾಕೆಟ್ಟಿನ ಮೇಲಿನ ಧೂಳನ್ನು ತಾನೇ ತಟ್ಟಿದಳು.

ಬೆಟ್ಟದಲ್ಲಿ ಎಲೆಗಳು ಹಣ್ಣಾಗಿದ್ದವು. ಊರಿಗೆ ಊರೇ ಬಂದಂತಿತ್ತು. ಹೋಟೆಲಿನ ಸಾಲು ಕೋಣೆಗಳಲ್ಲೆಲ್ಲ ಬಣ್ಣಬಣ್ಣದ ಜಾಕೆಟ್ಟಿನ ವಯಸ್ಸಾದವರ ಗುಂಪುಗಳು. ಇವರ ಗುಂಪು ಕೊನೆಯದಕ್ಕಿಂತ ಒಂದು ಮುಂಚಿನ ಕೋಣೆಯಲ್ಲಿ ಕೂತಿತು. ಕೂರುವ ಮುಂಚೆಯೇ ದಲ್ಹೊ ಶುರುಮಾಡಿದ.

"ಅಮ್ಮಾ, ಬಾತುಕೋಳಿ ಮೂರು! ತೋಫು ಎರಡು ತಟ್ಟೆ, ಈರುಳ್ಳಿ ಸೊಪ್ಪಿನ ದೋಸೆ ಮೂರು, ಮಕ್ಕೊಲ್ಲಿ ಒಂದು ದೊಡ್ಡ ಕೆಟಲ್!"

"ಎರಡು ಬಾತುಕೋಳಿ ಸಾಕಲ್ಲೋ," ಎಂದ ಮಾನ್ಸೊಪ್, ಅಭ್ಯಾಸಬಲದಿಂದ.

"ನೀನು ತಿನ್ನೋ ಮೇಷ್ಟ್ರೇ. ಮಿಕ್ಕಿದ್ದಕ್ಕೆ ನಿನ್ನ ಜೇಬಲ್ಲಿ ಕವರ್ ಇದ್ದೇ ಇರತ್ತಲ್ಲ!"

ಕವರು ಇತ್ತು. ಜೊಂಗ್ನಿಮ್ ಬೆಂದ ಮೊದಲ ತೊಡೆಯ ತುಂಡನ್ನು ಎತ್ತಿದಳು. ಅದು ಮೇಜಿನ ಮೇಲೆ ಹಾದು ದಲ್ಹೊವಿನ ತಟ್ಟೆಯಲ್ಲಿ ಇಳಿಯಿತು. "ಅಯ್ಯೋ ನೀವು ತಿನ್ರೀ," ಎಂದ ದಲ್ಹೊ. "ಮನೇಲಿ ಒಬ್ರೇ ಏನು ಬೇಯಿಸ್ಕೋತೀರೋ ಏನೋ, ತಿನ್ನಿ," ಎಂದಳು ಅವಳು. ಮಾನ್ಸೊಪ್ ಮಕ್ಕೊಲ್ಲಿ ಅಕ್ಕಿಹೆಂಡದ ಬಟ್ಟಲನ್ನು ಒಂದೇ ಗುಟುಕಿಗೆ ಖಾಲಿಮಾಡಿ ಎದ್ದ.

"ಎಲ್ಲಿಗೋ?" ಎಂದ ಇಕ್ಸು.

"ಇನ್ನೆಲ್ಲಿಗೆ? ವಯಸ್ಸಾಯ್ತಲ್ಲ."

ಹೊರಗೆ ಹನಿ ಬಿದ್ದು ನಿಂತಿತ್ತು. ರಬ್ಬರ್ ಚಪ್ಪಲಿಯಲ್ಲಿ ಅವನು ಒದ್ದೆ ಅಂಗಳವನ್ನು ಸುತ್ತಿ, ಉಪ್ಪಿನಕಾಯಿ ಜಾಡಿಗಳ ಹಿಂದಿನಿಂದ ಕಳ್ಳನಂತೆ ನುಸುಳಿ ಗಲ್ಲಾಕ್ಕೆ ಬಂದ. ಯಜಮಾನಿ ಅಡುಗೆಮನೆಯಲ್ಲಿದ್ದಳು. ಗಲ್ಲಾದಲ್ಲಿ ಒಬ್ಬ ಹೊಸ ಹುಡುಗಿ.

"ಯಾವ ಕೋಣೆ ಸಾರ್?"

ಮಾನ್ಸೊಪ್ ತಿರುಗಿ ನೋಡಿದ. ಈ ಕಡೆಯಿಂದ ಕೋಣೆಗಳೆಲ್ಲ ಒಂದೇ ತರಹ, ಎಲ್ಲಕ್ಕೂ ಅದೇ ಕಾಗದದ ಬಾಗಿಲು. ಆದರೆ ಜಗಲಿಯ ಅಂಚಿನಲ್ಲಿ ಸಾಲಾಗಿ ನಿಂತಿದ್ದ ಬೂಟುಗಳ ನಡುವೆ, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ, ಆ ಮೆಣಸಿನಕಾಯಿ ಕೆಂಪು. ಇಡೀ ಬೇಸಿಗೆ ಕಣ್ಣಿಗೆ ಕಟ್ಟಿದ್ದ ಗುಂಡಿ ಬೂಟು.

"ಅಗೋ, ಆ ಕೆಂಪು ಬೂಟು ಇದೆಯಲ್ಲ, ಆ ಕೋಣೇದು. ಇನ್ನೂ ಅನ್ನ ಹುರಿಯೋದಿದ್ರೆ ಅದನ್ನೂ ಸೇರಿಸು."

ಹುಡುಗಿ ಹೇಳಿದ ಮೊತ್ತ ನಾಲ್ಕು ಲಕ್ಷ ವೊನ್ ದಾಟಿತ್ತು. ಮಾನ್ಸೊಪ್‌ನ ಲೆಕ್ಕಕ್ಕಿಂತ ಒಂದೂವರೆ ಪಟ್ಟು. ಅವನ ಮನೆಯ ಇಡೀ ಚಳಿಗಾಲದ ಗ್ಯಾಸಿನ ಖರ್ಚು. ನಾನು ಎದ್ದ ಕೂಡಲೇ ಇನ್ನೆರಡು ಬಾತುಕೋಳಿ ಹೇಳಿರಬೇಕು, ಹಾಳಾದವನು, ಎಂದುಕೊಂಡ. ದಲ್ಹೊವಿನ ವಿಷಯದಲ್ಲಿ ಅವನು ಯಾವ ದುಂದನ್ನೂ ಪುರಾವೆಯಿಲ್ಲದೆ ನಂಬಲು ತಯಾರಿದ್ದ. ಬೇರೆ ದಿನವಾಗಿದ್ದರೆ ಬಿಲ್ಲನ್ನು ಸಾಲು ಸಾಲಾಗಿ ಓದದೆ ಕಾರ್ಡು ಕೊಡುವವನಲ್ಲ. ಈಗ ಯಾರಾದರೂ ಬಂದುಬಿಟ್ಟರೆ ಎಂಬ ಆತುರ. ಕಾರ್ಡು ಕೊಟ್ಟ, ಚೀಟಿಯನ್ನು ಓದದೆ ಮಡಿಸಿ ಎದೆಯ ಜೇಬಿಗೆ ಇಟ್ಟ.

ಮತ್ತೆ ಹಿಂದಿನಿಂದ ಕೋಣೆಗೆ ಬಂದು ಕೂತಾಗ ಅವನು ಬೇರೆಯೇ ಮನುಷ್ಯನಾಗಿದ್ದ. ಹೆಂಡತಿಯ ಕಣ್ಣನ್ನು ಹಿಡಿದು ಜೇಬನ್ನು ಮೆಲ್ಲಗೆ ತಟ್ಟಿ ತೋರಿಸಿದ. ಅವಳ ಮುಖ ಅರಳಿತು. ಬಾಂಡ್ಲೆಯಿಂದ ಒಂದು ದಪ್ಪ ತುಂಡನ್ನು ಎತ್ತಿ ಈ ಸಲ ಅವನ ತಟ್ಟೆಗೆ ಇಟ್ಟಳು. ಬಾತುಕೋಳಿಗೆ ಇಷ್ಟು ರುಚಿ ಇರುತ್ತದೆಂದು ಅವನಿಗೆ ಅದುವರೆಗೆ ತಿಳಿದಿರಲಿಲ್ಲ.

"ಏನ್ರೋ ಎಲ್ಲ ಸುಮ್ನೆ ಕೂತಿದೀರಿ," ಎಂದ. "ಅಮ್ಮಾ, ಇನ್ನೊಂದು ಕೆಟಲ್ ಮಕ್ಕೊಲ್ಲಿ! ತೋಫು ಇನ್ನೊಂದು ತಟ್ಟೆ!" ಇವುಗಳ ದುಡ್ಡನ್ನು ಹೊರಡುವಾಗ ಕೊಟ್ಟರಾಯಿತು ಎಂದುಕೊಂಡ.

ಇಕ್ಸು ಚಾಪ್‌ಸ್ಟಿಕ್ ಕೆಳಗಿಟ್ಟ. "ಮೇಷ್ಟ್ರಿಗೆ ಮೈ ಹುಷಾರಿಲ್ಲ ಕಣ್ರಪ್ಪ. ಹಣೆ ಮುಟ್ಟಿ ನೋಡ್ರೋ."

ದಲ್ಹೊ ಮಾತ್ರ ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದ. ಮಾನ್ಸೊಪ್‌ಗೆ ಆ ನೋಟವೂ ಸಿಹಿಯಾಗಿತ್ತು. ತಟ್ಟೆಯಲ್ಲಿ ತೋಫು ಮಿಕ್ಕಿತು. ಅವನು ಕವರು ತೆಗೆಯಲಿಲ್ಲ.

ಎಲ್ಲರೂ ಎದ್ದರು. ಹನಿ ಬಂದಾಗ ಯಾರೋ ಇವರ ಬೂಟುಗಳನ್ನು ಜಗಲಿಯ ಕೆಳಗೆ ತಳ್ಳಿದ್ದರು; ಒಂದೊಂದನ್ನೇ ಎಳೆದುಕೊಳ್ಳಬೇಕಾಯಿತು. ದಲ್ಹೊ ಕಾಲು ತೂರಿಸಿ, ಕಿರ್ರೆಂದು ತಿರುವಿ, ಗಲ್ಲಾದ ಕಡೆ ಹೊರಟೇಬಿಟ್ಟ. ಮಾನ್ಸೊಪ್ ನಿಧಾನವಾಗಿ ಕೂತು ಮೊದಲ ಗಂಟು ಹಾಕಿದ.

"ದಲ್ಹೊ, ಸುಮ್ನೆ ಕಾಲು ಸವೆಸ್ಬೇಡ. ಅದು ಆಗೋಯ್ತು."

"ಏನಾಗೋಯ್ತು?"

"ಬಿಲ್ಲು." ಎರಡನೆಯ ಗಂಟು.

"ಯಾರಾದ್ರೂ ನನ್ನ ಚಿವುಟ್ರೋ!" ಎಂದು ಇಕ್ಸು ಕೂಗಿದ.

ದಲ್ಹೊ ಗಲ್ಲಾದ ಹುಡುಗಿಯ ಕಡೆ ತಿರುಗಿದ. ಹುಡುಗಿ ತಲೆಯಾಡಿಸಿದಳು. "ಇಲ್ಲ ಸಾರ್, ನಿಮ್ಮ ಕೋಣೇದು ಬಾಕಿ ಇದೆ. ಇವರು ಕೊಟ್ಟಿದ್ದು ಕೊನೇ ಕೋಣೇದು. ಕೆಂಪು ಬೂಟಿನ ಕೋಣೆ ಅಂತ ಇವರೇ ತೋರಿಸಿದ್ರು."

ಮಾನ್ಸೊಪ್ ಜಗಲಿಯ ಅಂಚನ್ನು ನೋಡಿದ. ಕೊನೆಯ ಕೋಣೆಯ ಮುಂದೆ ಅದೇ ಕೆಂಪು, ಅದೇ ಗುಂಡಿ, ಇನ್ನೊಂದು ಜೊತೆ. ಅಷ್ಟರಲ್ಲಿ ಆ ಕೋಣೆಯ ಬಾಗಿಲು ಸರಿದು ಹೆಂಗಸರ ಒಂದು ದೊಡ್ಡ ಗುಂಪು ಗಲಗಲ ಎನ್ನುತ್ತಾ ಹೊರಬಂತು. ಮುಂದಿದ್ದ ಗಟ್ಟಿಮುಟ್ಟು ಹೆಂಗಸು ಆ ಬೂಟಿಗೆ ಕಾಲು ತೂರಿಸಿ, ಕಿರ್ರೆಂದು ತಿರುವಿ, ಗಲ್ಲಾಕ್ಕೆ ಬಂದಳು. ವಿಷಯ ತಿಳಿದಾಗ ಅವಳ ದನಿ ಅಂಗಳದ ಆಚೆಯವರೆಗೂ ಕೇಳಿಸಿತು.

"ಏನು, ನಮ್ಮದನ್ನ ಕೊಟ್ಬಿಟ್ರಾ? ಯಾರ್ರೀ ಆ ಪುಣ್ಯಾತ್ಮ?"

ಹುಡುಗಿ ಬೆರಳು ತೋರಿಸಿದಳು. ಹೆಂಗಸರೆಲ್ಲ ಸಾಲಾಗಿ ನಿಂತು ಮಾನ್ಸೊಪ್‌ಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಹಿಂದಿನಿಂದ ಒಬ್ಬಳು, "ಅಣ್ಣಾ, ನಮ್ಮಲ್ಲಿ ಯಾರನ್ನ ನೋಡಿ ಮನಸ್ಸಾಯ್ತೋ ಹೇಳ್ಬಿಡಿ, ಜಗಳ ತಪ್ಪತ್ತೆ!" ಎಂದಳು. ನಗು ಎದ್ದಿತು. ಜೊಂಗ್ನಿಮ್ ಗಂಡನ ಪಕ್ಕಕ್ಕೆ ಒಂದು ಹೆಜ್ಜೆ ಹತ್ತಿರ ಬಂದು ನಿಂತಳು. ಬೇರೆ ಹೊತ್ತಾಗಿದ್ದರೆ ಆ ಒಂದು ಹೆಜ್ಜೆಯನ್ನು ಅವನು ತಿಂಗಳುಗಟ್ಟಲೆ ಮೆಲುಕು ಹಾಕುತ್ತಿದ್ದ.

"ತಪ್ಪಾಯ್ತು ಅಷ್ಟೇ ತಾನೇ," ಎಂದ ದಲ್ಹೊ. ಅವನ ಕೈಯಲ್ಲಿ ಆಗಲೇ ಕಾರ್ಡು ಇತ್ತು, ಮುಖದಲ್ಲಿ ಹಳೆಯ ನಗೆ ಮರಳಿತ್ತು. "ಮಗೂ, ಇವನದನ್ನ ಕ್ಯಾನ್ಸಲ್ ಮಾಡು. ಇವ್ರು ಇವ್ರದು ಕೊಡ್ತಾರೆ, ನಮ್ಮದು ನಾನು ಕೊಡ್ತೀನಿ. ಎಲ್ಲ ಸರಿಹೋಯ್ತಲ್ಲ?"

"ಹೌದು ಸಾರ್, ಕಾರ್ಡ್ ಕೊಡಿ, ಒಂದೇ ನಿಮಿಷ," ಎಂದು ಹುಡುಗಿ ಮಾನ್ಸೊಪ್‌ಗೆ ಕೈ ಚಾಚಿದಳು.

ಒಂದೇ ನಿಮಿಷ. ಚಳಿಗಾಲದ ಗ್ಯಾಸು ವಾಪಸು ಬರುತ್ತದೆ, ಯಾರಿಗೂ ನಷ್ಟವಿಲ್ಲ, ಎಲ್ಲವೂ ಬೆಳಗ್ಗೆ ಇದ್ದ ಹಾಗೆ. ಅಂದರೆ ದಲ್ಹೊ ಕೊಟ್ಟ ಹಾಗೆ. ಮಾನ್ಸೊಪ್‌ನ ಬಲಗೈ, ಬದುಕಿಡೀ ಉಳಿಸುವುದನ್ನು ಕಲಿತ ಕೈ, ತಾನಾಗಿಯೇ ಜೇಬಿನ ಕಡೆ ಹೋಯಿತು. ಆಗ ಅವನು ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು. ಕಿವಿಯ ತುದಿ ಕೆಂಪಾಗುತ್ತಿತ್ತು.

"ಕ್ಯಾನ್ಸಲ್ ಬೇಡ," ಎಂದ ಮಾನ್ಸೊಪ್. ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು. "ಆ ಕೋಣೇದು ನಂದೇ. ನಮ್ಮ ಕೋಣೇದೂ ನಂದೇ." ಮತ್ತೆ ಕಾರ್ಡು ತೆಗೆದು ಗಲ್ಲಾದ ಮೇಲಿಟ್ಟ.

"ಲೇ, ನಿನಗೆ ತಲೆ ಕೆಟ್ಟಿದೆಯೇನೋ?" ದಲ್ಹೊ ಅವನ ಕಾರ್ಡನ್ನು ತಳ್ಳಿ ತನ್ನದನ್ನು ಇಟ್ಟ. ಮಾನ್ಸೊಪ್ ದಲ್ಹೊವಿನದನ್ನು ತಳ್ಳಿದ. ಎಪ್ಪತ್ತರ ಅಂಚಿನ ಇಬ್ಬರು ಗಂಡಸರು ಗಲ್ಲಾದ ಮುಂದೆ ಮೊಣಕೈ ಮೊಣಕೈ ತಾಗಿಸಿ ಹೆಣಗತೊಡಗಿದರು. ಇಂಥದ್ದನ್ನು ದಿನಾ ನೋಡುವ ಯಜಮಾನಿ ಅಡುಗೆಮನೆಯ ಬಾಗಿಲಿಗೆ ಒರಗಿ ಹಲ್ಲಿನ ಕಡ್ಡಿ ಜಗಿಯುತ್ತಿದ್ದಳು.

"ಸರ್ಕೊಳ್ರೀ!" ಕೆಂಪು ಬೂಟಿನ ಹೆಂಗಸು ಇಬ್ಬರ ನಡುವೆ ಭುಜ ತೂರಿಸಿದಳು. "ನಾವೆಲ್ಲ ಒಂದು ಕಾಲದ ಬಸ್ ಕಂಡಕ್ಟರುಗಳು. ತುಂಬಿದ ಬಸ್ಸಿಗೆ ಇನ್ನೂ ಇಪ್ಪತ್ತು ಜನಾನ ನೂಕಿ ಬಾಗಿಲು ಹಾಕಿದ ಕೈ ಇದು. ನೀವಿಬ್ರು ಯಾವ ಲೆಕ್ಕ?" ನಿಜವಾಗಿಯೂ ದಲ್ಹೊ ಎರಡು ಹೆಜ್ಜೆ ಹಿಂದೆ ಸರಿದುಹೋದ. "ಪರಿಚಯ ಇಲ್ಲದವರ ಊಟ ಸುಮ್ನೆ ತಿನ್ನೋಕೆ ನಮ್ಮ ಗಂಟಲಿಗೆ ಆಗಲ್ಲ. ಈ ಅಣ್ಣ ನಮ್ಮದು ಕೊಟ್ರು, ನಾವು ಇವ್ರದು ಕೊಡ್ತೀವಿ. ಇವ್ರ ಊಟ ಇವ್ರ ದುಡ್ಡಲ್ಲೇ ಆದ ಹಾಗೆ. ಏನಂತೀಯ ಮಗೂ?" ಸೊಂಟದ ಚೀಲದಿಂದ ನೋಟುಗಳನ್ನು ಎಳೆದು ಗಲ್ಲಾದ ಮೇಲೆ ಬಡಿದಳು. "ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆಯೋ, ಅದನ್ನ ನಾವು ಕುಡಿದ ಮಕ್ಕೊಲ್ಲಿ ಅಂದ್ಕೊಳ್ಳಿ ಅಣ್ಣಾ, ನಾವೇನೂ ಬೇಡ ಅನ್ನಲ್ಲ!"

ಹುಡುಗಿ ದಲ್ಹೊವಿನ ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು ಅವನಿಗೆ ಹಿಂತಿರುಗಿಸಿದಳು.

ಇಕ್ಸು ಮಾನ್ಸೊಪ್‌ನ ಬೆನ್ನಿಗೆ ಬಡಿದ. "ಎರಡು ಕೋಣೆಗೆ ಕೊಡೋಕೆ ಹೊರಟ್ಯಲ್ಲೋ! ಇನ್ಮೇಲೆ ಯಾರು ಏನು ಹೇಳಿದ್ರೂ ನಾನು ನಂಬ್ತೀನಿ. ಹಂದಿ ಹಾರತ್ತೆ ಅಂದ್ರೂ ನಂಬ್ತೀನಿ." ಎಲ್ಲರೂ ಅವನನ್ನು ಸುತ್ತುವರಿದರು. ಬೇಸಿಗೆಯುದ್ದಕ್ಕೂ ಕನಸು ಕಂಡ ಗಳಿಗೆ ಇದೇ. ಆದರೆ ಮಾನ್ಸೊಪ್‌ನ ಕಣ್ಣು ಅವರನ್ನು ದಾಟಿ ದಲ್ಹೊವನ್ನು ಹುಡುಕಿತು.

ದಲ್ಹೊ ಜಗಲಿಯ ಮೇಲೆ ಕೂತಿದ್ದ. ಕಾರ್ಡು ಇನ್ನೂ ಕೈಯಲ್ಲೇ ಇತ್ತು. ಬಿಗಿಯಾಗಿಯೇ ಇದ್ದ ಬೂಟಿನ ಗುಂಡಿಯನ್ನು ಸಡಿಲಿಸಿ, ಮತ್ತೆ ತಿರುವಿ, ಮತ್ತೆ ಸಡಿಲಿಸುತ್ತಿದ್ದ. ಮಾನ್ಸೊಪ್ ಆ ಮುಖವನ್ನು ಕೂಡಲೇ ಗುರುತಿಸಿದ. ಪ್ರತಿ ಸಲ ಮನೆಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಅವನು ಕಾಣುತ್ತಿದ್ದದ್ದು ಇಂಥದೇ ಮುಖ, ಆದರೆ ತನ್ನದು.

ಅವನು ಹೋಗಿ ಪಕ್ಕದಲ್ಲಿ ಕೂತ. ಗೆದ್ದವನು ಸೋತವನ ಪಕ್ಕ ಕೂರುವುದರಲ್ಲಿ ಒಂದು ಸುಖವಿದೆ. ಅದನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ.

"ಲೇಸಿಲ್ಲದ ಬೂಟಿಗೂ ಇಷ್ಟು ಹೊತ್ತು ಹಿಡಿಯತ್ತೇನೋ?"

ದಲ್ಹೊ ನಗಲಿಲ್ಲ. "ಮೇಷ್ಟ್ರ ಬೆತ್ತ ಇತ್ತಲ್ಲ," ಎಂದ. "ಡಬ್ಬಿ ತೆಗೀರಿ ಅನ್ನೋರು. ನೀನು ಅದಕ್ಕೆ ಮುಂಚೆ ನನ್ನ ಡಬ್ಬಿ ತಳಕ್ಕೆ ಅನ್ನ ಹಾಕ್ತಿದ್ದೆ."

"ಹೌದು. ನೀನು ಚಪ್ಪರಿಸ್ಕೊಂಡು ತಿಂತಿದ್ದೆ."

"ತಿಂತಿದ್ದೆ. ತಿನ್ನೋವಾಗ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತೇನೋ ನಿನಗೆ? ಇವನಿಗೆ ಕೊಡೋದು ಎಷ್ಟು ಸಲೀಸು ಅಂತ. ಕೊಡೋವಾಗ ನನ್ನ ಕಡೆ ನೋಡ್ತಾನೂ ಇರ್ಲಿಲ್ಲ ನೀನು, ಮೇಷ್ಟ್ರು ಬಂದ್ರಾ ಅಂತ ಬಾಗಿಲು ನೋಡ್ತಿದ್ದೆ." ಕಾರ್ಡನ್ನು ಜೇಬಿಗೆ ಇಟ್ಟುಕೊಂಡ. "ಇವತ್ತೂ ಹಾಗೇ ಆಯ್ತು ಬಿಡು."

ಇಷ್ಟು ವರ್ಷ ಬಿಲ್ಲು ಕೊಟ್ಟವನು ತನ್ನನ್ನು ಕಂಡು ಉರಿಯುತ್ತಿದ್ದ ಎನ್ನುವುದು ಖುಷಿಯ ಸುದ್ದಿಯೋ ಅಲ್ಲವೋ ಎಂದು ಮಾನ್ಸೊಪ್ ತೂಗಿ ನೋಡಿದ. ಖುಷಿಯೇ ಹೆಚ್ಚಿತ್ತು. ಒಂದು ಮಾತು ಹೇಳಿದರೆ ದಲ್ಹೊ ಎದ್ದು ನಿಲ್ಲುತ್ತಾನೆ ಎನ್ನುವುದೂ ಅವನಿಗೆ ಗೊತ್ತಿತ್ತು: ಊಟ ಒಬ್ಬರದಾದರೆ ಅದರ ಮೇಲಿನ ಕಾಫಿ ಇನ್ನೊಬ್ಬರದು, ಎಲ್ಲ ಕಡೆ ನಡೆಯುವುದೇ ಹಾಗೆ. ಕಾಫಿ ನಿಂದು ಕಣೋ ಎಂದರೆ ಸಾಕು. ಮಾತು ನಾಲಿಗೆಯ ತುದಿಯವರೆಗೆ ಬಂತು. ಅಲ್ಲೇ ಹಿಡಿದಿಟ್ಟುಕೊಂಡ. ಇವತ್ತಿನದು ಪೂರ್ತಿ ತನ್ನದಾಗಿರಲಿ, ಒಂದು ಹನಿಯೂ ಚೆಲ್ಲದೆ.

"ದಲ್ಹೊ ಅವ್ರೇ!" ಜೊಂಗ್ನಿಮ್ ಎದುರಿಗೆ ಬಂದು ನಿಂತಿದ್ದಳು. "ಏನು ಹಾಗೆ ಕೂತ್ಬಿಟ್ರಿ? ಕಾಫಿ ಯಾರು ಕುಡಿಸ್ತಾರೆ ಹಾಗಾದ್ರೆ? ಬಾತುಕೋಳಿ ತಿಂದು ಬಾಯೆಲ್ಲ ಜಿಡ್ಡು ಜಿಡ್ಡು."

ದಲ್ಹೊ ತಲೆಯೆತ್ತಿದ. ಒಳಗೆ ಯಾರೋ ದೀಪ ಹಾಕಿದಂತಾಯಿತು. "ನಾನು ಕುಡಿಸ್ತೀನಿ! ಇನ್ಯಾರು ಕುಡಿಸ್ತಾರೆ? ಆ ತಿರುವಲ್ಲಿ ಹೊಸದೊಂದಿದೆ, ಗಾಜಿನ ಗೋಡೆದು, ಅಲ್ಲಿಗೇ ಹೋಗೋಣ. ಕಂಡಕ್ಟರ್ ಅಕ್ಕಂದಿರೂ ಬರ್ಲಿ!" ಕಿರ್ರೆಂದು ಗುಂಡಿ ತಿರುವಿ ಎಲ್ಲರಿಗಿಂತ ಮುಂದೆ ಇಳಿಜಾರಿನಲ್ಲಿ ಹೆಜ್ಜೆ ಹಾಕಿದ.

ಗಾಜಿನ ಗೋಡೆಯ ಅಂಗಡಿಯಲ್ಲಿ ಅವನು ಎಲ್ಲರಿಗೂ ಎಲ್ಲಕ್ಕಿಂತ ದೊಡ್ಡ ಲೋಟದ ಕಾಫಿ, ಜೊತೆಗೆ ಯಾರೂ ಕೇಳದ ಕೇಕುಗಳನ್ನು ತರಿಸಿದ. ಸಿಹಿಗುಂಬಳದ್ದು, ಗೆಣಸಿನದ್ದು, ಇನ್ನೂ ಏನೇನೋ. ಹೆಂಗಸರ ನಗು, ಇಕ್ಸುವಿನ ಹಾಸ್ಯ. ಜೊಂಗ್ನಿಮ್ ದಲ್ಹೊ ಹೇಳಿದ ಯಾವುದೋ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಊಟಕ್ಕೆ ಕೊಟ್ಟವನು ಯಾರು ಎನ್ನುವುದು ಯಾರಿಗೂ ನೆನಪಿದ್ದಂತೆ ಕಾಣಲಿಲ್ಲ. ಮಾನ್ಸೊಪ್ ಗಾಜಿಗೆ ಬೆನ್ನು ಕೊಟ್ಟು ಕೂತು, ತನಗೆ ಬೇಡವಾಗಿದ್ದ ಕಾಫಿಯನ್ನು ಚೆಲ್ಲಲಾಗದೆ ತಳದವರೆಗೆ ಕುಡಿದ.

ಏಳುವಾಗ ಕೇಕು ಅರ್ಧಕ್ಕರ್ಧ ಉಳಿದಿತ್ತು. ಜೊಂಗ್ನಿಮ್ ಏನೂ ಕೇಳದೆ ಗಂಡನ ಜೇಬಿಗೆ ಕೈ ಹಾಕಿ, ತ್ರಿಕೋನ ಕವರನ್ನು ಎಳೆದು ಬಿಡಿಸಿ, ಎಲ್ಲವನ್ನೂ ತುಂಬಿಕೊಂಡಳು.

ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಬೆಟ್ಟ ಹಿಂದೆ ಸರಿಯುತ್ತಿತ್ತು, ರಸ್ತೆಯ ಪಕ್ಕ ಬುಟ್ಟಿಗಳಲ್ಲಿ ಪರ್ಸಿಮನ್ ಹಣ್ಣು ಇಟ್ಟುಕೊಂಡು ಮುದುಕಿಯರು ಕೂತಿದ್ದರು.

"ದಲ್ಹೊ ಅವ್ರ ಮುಖ ನೋಡಿದ್ರಾ?" ಎಂದಳು ಜೊಂಗ್ನಿಮ್. "ಕಾರ್ಡ್ ವಾಪಸ್ ಕೊಟ್ಟಾಗ. ಮಗು ಹಾಗೆ ಆಗೋದ್ರು, ಪಾಪ."

"ನನ್ನ ಮುಖ ನೋಡಿದ್ಯಾ?"

"ನಿಮ್ಮದನ್ನ ದಿನಾ ನೋಡ್ತೀನಲ್ಲ." ಅವಳು ಕವರಿನಿಂದ ಗೆಣಸಿನ ಕೇಕಿನ ಚೂರು ಮುರಿದು ಅವನ ಕೈಗೆ ಇಟ್ಟಳು. "ಚೆನ್ನಾಗಿ ಕೊಟ್ರಿ ಇವತ್ತು. ಎರಡು ಕೋಣೇದೂ ನಂದೇ ಅಂದಾಗ ನನಗೆ ಎದೆ ಹೊಡ್ಕೊಂಡ್ಬಿಡ್ತು."

ಮಾನ್ಸೊಪ್ ಕೇಕು ಬಾಯಿಗೆ ಹಾಕಿಕೊಂಡ. ಸಿಹಿಯಾಗಿತ್ತು. "ಹಾಗಾದ್ರೆ ವಸಂತಕ್ಕೆ ಬರ್ತೀಯ ತಾನೇ?"

"ಬರ್ತೀನಿ. ಆದ್ರೆ ಆಗ ಅವ್ರಿಗೇ ಬಿಟ್ಬಿಡಿ. ಪಾಪ, ಅವ್ರಿಗೆ ಇರೋದು ಅದೊಂದೇ ಸಂತೋಷ."

ಬಾಯಲ್ಲಿದ್ದ ಕೇಕು ಅಲ್ಲೇ ನಿಂತಿತು. ಪಾಪ ಎನ್ನುವಾಗ ಅವಳ ದನಿ ಮತ್ತೆ ಆ ಮೆದುತನಕ್ಕೆ ಇಳಿದಿತ್ತು. ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಮುಖವನ್ನು ಮಾನ್ಸೊಪ್ ಬಹಳ ಹೊತ್ತು ನೋಡಿದ. ಆಮೇಲೆ ಬಗ್ಗಿ ತನ್ನ ಬೂಟನ್ನು ನೋಡಿದ. ಎರಡು ಗಂಟೂ ಬಿಗಿಯಾಗಿಯೇ ಇದ್ದವು.

"ಆ ಕೆಂಪು ಬೂಟಿಗೆ," ಎಂದ, "ಎಷ್ಟಿರಬಹುದು?"